ಅಕ್ಕಾರು ಎದ್ದುಹೋದ ಕೇಸು

ಅಕ್ಕಾರು ಹೋದ ಸುದ್ದಿ ನನಗೆ ಸಿಕ್ಕಿದ್ದು ರಾಯಬಾಗದ ಹಿಟ್ಟಿನ ಗಿರಣಿಯಲ್ಲಿ. ಜೋಳದ ಡಬ್ಬಿಯನ್ನು ಪಾಳಿಯಲ್ಲಿಟ್ಟು ನಿಂತಿದ್ದೆ. ಚಿಕ್ಕೋಡಿಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿದ್ದಳು. "ನಿಮ್ಮ ಅಕ್ಕಾರು ತೀರಿಕೊಂಡ್ರಂತಲ್ರಿ, ನಿಮಗ ಗೊತ್ತಾತಿಲ್ಲೋ?" ಅಂದಳು. ನನ್ನ ಪಾಳಿ ಬಂತು. ಬೀಸಿಸಿಕೊಂಡೆ, ಮನೆಗೆ ಬಂದೆ, ಬಿಸಿ ಹಿಟ್ಟನ್ನು ಆರಲು ಹರವಿದೆ, ರೊಟ್ಟಿ ಬಡಿದೆ, ಮನೆಯವರಿಗೆಲ್ಲ ಬಡಿಸಿ ನಾನೂ ಉಂಡೆ. ತಾಟು ತೊಳೆಯುವಾಗ ಅಳು ಬಂತು. ನಡುವಿನ ಹೊತ್ತಿನಲ್ಲಿ ಅದು ಎಲ್ಲಿತ್ತೋ ನನಗೆ ತಿಳಿಯದು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಮ್ಮ ಸಲಹಾ ಕೇಂದ್ರದ ಕೋಣೆಯೊಳಗಿನ ಮಾತು ಹೊರಗೆ ಬಂದರೂ ಹೆಸರು ಹೊರಗೆ ಬರಬಾರದು ಎಂದು ನಮಗೆ ಕಲಿಸಿದವರೇ ಅವರು. ಕೆಳಗೆ ಬರುವ ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ನಮ್ಮ ಕಡೆ ಸಾಲೆಯ ಶಿಕ್ಷಕಿಯನ್ನು ಅಕ್ಕಾರು ಅನ್ನುತ್ತಾರೆ. ಅವರು ಪ್ರಾಥಮಿಕ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಾಗಾಗಿ ಊರಿಗೆಲ್ಲ ಅಕ್ಕಾರು, ನಮಗೂ ಅಕ್ಕಾರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳ ಒಂದು ಸಂಸ್ಥೆ ಕುಟುಂಬ ಸಲಹಾ ಕೇಂದ್ರ ತೆರೆದಿತ್ತು. ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯರ ಜಗಳ, ಜಗಳವೂ ಆಗದೆ ಒಳಗೊಳಗೇ ಹುಳಿತ ಸಂಸಾರ, ಇಂಥವನ್ನು ಕೂತು ಕೇಳುವವರು ಬೇಕಾಗಿದ್ದರು. ಹಾಗೆ ಕೇಳುವುದನ್ನು ನಾಲ್ಕೈದು ಜನರಿಗೆ ಕಲಿಸುವ ಕೆಲಸವನ್ನು ಅಕ್ಕಾರು ವಹಿಸಿಕೊಂಡಿದ್ದರು. ಎರಡು ಮಕ್ಕಳನ್ನು ಸಾಲೆಗೆ ಕಳಿಸಿ ನಾನು ರಾಯಬಾಗದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ನಿಪ್ಪಾಣಿಯಿಂದ ಶಹನಾಜ್ ಬರುತ್ತಿದ್ದಳು. ಚೂಪು ಮೂಗು, ಅದಕ್ಕಿಂತ ಚೂಪು ಬಾಯಿ.

ಕೇಂದ್ರಕ್ಕೆ ಜಾಗ ಹುಡುಕುವಾಗ ಸಂಸ್ಥೆಯವರು ತಹಶೀಲ್ದಾರ ಕಚೇರಿಯ ಬದಿಗೆ ಒಂದು ಒಳ್ಳೆಯ ಕೋಣೆ ನೋಡಿದ್ದರಂತೆ. ಅಕ್ಕಾರು ಒಪ್ಪಲಿಲ್ಲ. ಗಿರಣಿಯ ಹಿಂದಿನ, ಗೋಡೆಯೆಲ್ಲ ಹಿಟ್ಟು ಕುಡಿದ ಕೋಣೆಯೇ ಬೇಕೆಂದರು. ಯಾಕೆಂದು ನಮಗೆ ಮೊದಲ ವಾರದಲ್ಲೇ ತಿಳಿಯಿತು. ಬರುವ ಹೆಣ್ಣುಮಕ್ಕಳೆಲ್ಲರ ಕಂಕುಳಲ್ಲೂ ಒಂದೊಂದು ಡಬ್ಬಿ. "ಹಿಟ್ಟ ಬೀಸಿಸ್ಕೊಂಡ ಬರ್ತೀನ್ರಿ ಅತ್ತಿ" ಅಂದು ಮನೆಯಿಂದ ಹೊರಟರೆ ಯಾರು ತಾನೇ ಬೇಡ ಅಂದಾರು? ಡಬ್ಬಿ ಪಾಳಿಯಲ್ಲಿ ಕೂತಿರುತ್ತಿತ್ತು, ಅವರು ನಮ್ಮ ಹತ್ತಿರ ಕೂತಿರುತ್ತಿದ್ದರು.

ಗಿರಣಿಯ ಸದ್ದಿಗೆ ಅಕ್ಕಾರ ಒಂದು ಕಿವಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಟ್ಟಿ ತಿರುಗಲು ಶುರುವಾದರೆ ಅವರು ಎದುರಿನವರ ತುಟಿಯನ್ನೇ ನೋಡುತ್ತ ಮುಂದೆ ಬಾಗುತ್ತಿದ್ದರು. ಬಂದವರಿಗೆ ತಮ್ಮನ್ನು ಜನ್ಮದಲ್ಲಿ ಮೊದಲ ಸಲ ಯಾರೋ ಇಷ್ಟು ಲಕ್ಷ್ಯಗೊಟ್ಟು ನೋಡುತ್ತಿದ್ದಾರೆ ಅನ್ನಿಸಿಬಿಡುತ್ತಿತ್ತು. ಅರ್ಧ ಕೆಲಸ ಅಲ್ಲೇ ಆಗುತ್ತಿತ್ತು.

ಎತ್ತರದ, ಒಣಗಿದ ಮೈ. ಸಣ್ಣ ದಡಿಯ ಬಿಳಿ ಸೀರೆ. ಮದುವೆ ಮಾಡಿಕೊಂಡಿರಲಿಲ್ಲ. ಜೈನರ ಮನೆಯವರು, ಆದರೆ ಬಸದಿಗೆ ಹೋದದ್ದನ್ನು ನಾನು ಕಂಡಿಲ್ಲ. ಆದರೂ ನೀರು ಕುಡಿಯುವ ಮೊದಲು ತಂಬಿಗೆಯ ಬಾಯಿಗೆ ಬಿಳಿ ಅರಿವೆ ಕಟ್ಟಿ ಸೋಸಿಕೊಳ್ಳುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅರಿವೆಯ ಮೇಲೆ ಉಳಿದದ್ದನ್ನು, ನಮ್ಮ ಕಣ್ಣಿಗೆ ಏನೂ ಕಾಣದಿದ್ದರೂ, ಹಿತ್ತಲಿನ ಬಾವಿಯ ನೀರಿಗೇ ಮರಳಿ ಬಿಟ್ಟು ಬರುತ್ತಿದ್ದರು. ಒಳಗಿನ ಸೂಕ್ಷ್ಮ ಜೀವಗಳು ತಮ್ಮ ನೀರಿಗೆ ತಾವು ಸೇರಲಿ ಎಂದು. ಸಂಜೆ ಹೊತ್ತು ಮುಳುಗುವ ಮೊದಲು ಡಬ್ಬಿ ಬಿಚ್ಚಿ ಊಟ ಮುಗಿಸಿಬಿಡುತ್ತಿದ್ದರು.

ಶಹನಾಜ್ ಸುಮ್ಮನೆ ಬಿಡುವವಳಲ್ಲ. "ಅಕ್ಕಾರ, ಬಸದಿಗೆ ಹೋಗಂಗಿಲ್ಲ, ಪೂಜಿ ಮಾಡಂಗಿಲ್ಲ. ಈ ಅರಿವಿ ಒಂದ ಯಾಕ ಬಿಡವಲ್ರಿ?"

"ನಾ ಎಲ್ಲೆ ಮಾಡತೀನಿ ಬೇ, ನನ್ನ ಕೈ ಮಾಡತೈತಿ. ಭಾಳ ಸಲ ಅದಕ್ಕ ಬುದ್ಧಿ ಹೇಳೀನಿ, ಕೇಳವಲ್ದು."

"ಮತ್ತ ಹೊಟ್ಟೀಗೆ? ಅದೂ ಹೊತ್ತು ಮುಳಗೂದ್ರಾಗ ಹಸೀತೈತೇನ್ರಿ?"

"ಹೊಟ್ಟಿ ಕೈಯ ತಂಗಿ. ಅಕ್ಕ ಹೇಳಿದಂಗ ಕೇಳತೈತಿ."

ತರಬೇತಿಯ ಮೊದಲ ದಿನ ನಾವು ಬರೆದುಕೊಳ್ಳಲು ತಯಾರಾಗಿ ಕೂತಿದ್ದೆವು. ಅಕ್ಕಾರು ಚೀಲದಿಂದ ಒಂದು ಗಂಟು ತೆಗೆದು ಚಾಪೆಯ ಮೇಲೆ ಬಿಚ್ಚಿದರು. ಅಡಿಕೆ, ಲವಂಗ, ಕಡಲೆ, ಹುಣಸೆ ಬೀಜ, ಒಂದೆರಡು ಗುಂಡಿ. "ತಗೋರಿ. ನಿಮ್ಮ ನಿಮ್ಮ ಮನಿ ಜಗಲಿ ಮಾಡ್ರಿ" ಅಂದರು.

ನಮ್ಮ ಕಡೆ ಜಗಲಿಯೆಂದರೆ ಮನೆಯೊಳಗೆ ದೇವರನ್ನಿಡುವ ಕಟ್ಟೆ. ಒಂದೊಂದು ದೇವರಿಗೆ ಒಂದೊಂದು ಕಾಳನ್ನಿಟ್ಟು ಅದನ್ನು ನೆಲದ ಮೇಲೆ ಜೋಡಿಸಬೇಕು. ಆಮೇಲೆ ಅವರು ಕೇಳುವ ಪ್ರಶ್ನೆಗಳು. ಈ ದೇವರು ಯಾರ ಕೂಡ ಮನೆಗೆ ಬಂತು? ಯಾರ ಹೆದರಿಕೆಗೆ ಬಂತು? ಇದನ್ನು ಮುಟ್ಟಲು ಯಾರಿಗೆ ಬಿಡುವುದಿಲ್ಲ? ಮನೆಯಲ್ಲಿ ಇದು ಸಿಟ್ಟಾಗುವುದು ಯಾರ ಮೇಲೆ?

ನಾನು ಕಡಲೆಯನ್ನು ನಡುವೆ ಇಟ್ಟೆ.

"ಯಾರಿವ?"

"ಮಂಗಸೂಳಿ ಮಲ್ಲಯ್ಯ ರೀ. ಮುತ್ತಜ್ಜನ ಕಾಲದಿಂದ ಅದಾನ."

"ಛಲೋ ಆತು. ಇದರಾಗ ನಿಮ್ಮವ್ವ ಎಲ್ಲೆ ಅದಾಳ?"

"ನಮ್ಮವ್ವ ಜಗಲಿ ಮ್ಯಾಲ ಯಾಕ ಇರತಾಳ್ರಿ?"

"ಮ್ಯಾಲ ಇಲ್ಲಂದ್ರ ಕೆಳಗರ ಇರಬೇಕಲ್ಲ. ಇಡು ಆಕಿನ್ನ."

ಒಂದು ಹುಣಸೆ ಬೀಜ ತೆಗೆದು ಕಡಲೆಯ ಕೆಳಗೆ ಇಟ್ಟೆ. ಇಟ್ಟ ಮೇಲೆ ಮಾತು ತಾನಾಗಿ ಬಂತು. ನನ್ನ ಅಣ್ಣ ಕೂಸಿದ್ದಾಗ ಬೇನೆ ಬಿದ್ದು, ನಮ್ಮ ಅಜ್ಜಿ ಮಲ್ಲಯ್ಯನಿಗೆ ಹರಕೆ ಹೊತ್ತಳು. ಹೊತ್ತವಳು ಅಜ್ಜಿ, ತೀರಿಸಬೇಕಾದವಳು ಅವ್ವ. ವರ್ಷಕ್ಕೊಮ್ಮೆ ನಮ್ಮೂರಿಂದ ಮಂಗಸೂಳಿಗೆ ಬರಿಗಾಲಲ್ಲಿ ನಡೆದು ಹೋಗುವುದು. ಅಜ್ಜಿ ಸತ್ತ ಮೇಲೂ ಅವ್ವ ನಡೆದಳು. ಭಂಡಾರದ ಅರಿಸಿನ ಮೆತ್ತಿದ ಹಣೆಯಲ್ಲಿ ನಗುತ್ತಾ ಬರುತ್ತಿದ್ದಳು, ಹಿಮ್ಮಡ ಒಡೆದು ರಕ್ತ ಬಂದಿರುತ್ತಿತ್ತು. ಅದಕ್ಕೆ ಮೇಣ ಕಾಸಿ ತುಂಬುವ ಕೆಲಸ ನನ್ನದು. ಇದನ್ನೆಲ್ಲ ಹೇಳುವಾಗ ನನ್ನ ದನಿ ಏರಿತ್ತು.

ಅಕ್ಕಾರು ಎಲ್ಲ ಕೇಳಿ, "ಹರಕಿ ಅಂತ ಯಾರರ ಬಾಯಿ ಬಿಟ್ಟರ ನಿನಗ ಹಿಮ್ಮಡ ಕಾಣತಾವ. ನೆನಪಿಟಗೋ" ಅಂದರು. ಅಷ್ಟೇ.

ಶಹನಾಜ್ ಮಾತ್ರ ಕೈ ಕಟ್ಟಿ ಕೂತಿದ್ದಳು. "ನಮ್ಮನ್ಯಾಗ ಜಗಲಿ ಇಲ್ರಿ."

"ಇಲ್ಲದ್ದನ್ನ ತೋರಸು."

ಅವಳು ನಕ್ಕಳು. ಆಮೇಲೆ ನಗು ನಿಂತಿತು. ಚಾಪೆಯ ಒಂದು ಭಾಗವನ್ನು ಅಂಗೈಯಿಂದ ಒರೆಸಿ ಖಾಲಿ ಮಾಡಿದಳು. ಒಂದು ಲವಂಗ ತೆಗೆದು ಅಂಚಿಗಿಟ್ಟಳು. "ಇವರು ನಮ್ಮ ಅಜ್ಜಾರು. ನಮಾಜಿಗೆ ಈ ಕಡೆ ಮಾರಿ ಮಾಡಿ ಕೂಡತಿದ್ರು. ಅವರು ಹೋದ ಮ್ಯಾಲೂ ಆ ಜಾಗಾದಾಗ ನಮ್ಮನ್ಯಾಗ ಯಾರೂ ಏನೂ ಇಡಂಗಿಲ್ರಿ" ಅಂದಳು.

ಇದೆಲ್ಲ ಯಾಕೆಂದು ನಾವು ಕೇಳಿದೆವು. ಸಂಸಾರದ ತಂಟೆ ಬಗೆಹರಿಸಲು ಬಂದವರಿಗೆ ದೇವರ ಲೆಕ್ಕ ಯಾಕೆ? ಅಕ್ಕಾರು ಹೇಳಿದ ಮಾತು ನನಗೆ ಇಂದಿಗೂ ನಗು ತರಿಸುತ್ತದೆ, ಇಂದಿಗೂ ಕೆಲಸಕ್ಕೆ ಬರುತ್ತದೆ. "ಬಂದಾಕಿ ತನ್ನ ಮನಿ ದೇವರನ್ನ ಕರಕೊಂಡ ಬಂದಿರತಾಳ. ನಾವೂ ನಮ್ಮದನ್ನ ಕರಕೊಂಡ ಬಂದಿರತೀವಿ. ಅವೆರಡೂ ಮಾತಾಡ್ಕೋತ ಕುಂತರ ಆಕಿ ಹೇಳಿದ್ದು ಕೇಳಾವ್ರ ಯಾರು?"

"ಹಂಗಾರ ನಿಮ್ಮ ಜಗಲಿ ತೋರಸ್ರಿ ಅಕ್ಕಾರ" ಅಂದಳು ಶಹನಾಜ್.

"ನಂದು ಆಮ್ಯಾಲ" ಅಂದು ಅವರು ಗಂಟು ಕಟ್ಟಿದರು. ತಿಂಗಳುಗಳು ಕಳೆದರೂ ಆ ಆಮೇಲೆ ಬರಲಿಲ್ಲ.

ಬಂದದ್ದು ಸುನಂದಾ ಬಂದ ಮರುದಿನ.

ಸುನಂದಾಳ ಗಂಡನ ಮನೆ ಕಾಗವಾಡದ ಕಡೆ. ದ್ರಾಕ್ಷಿ ತೋಟದ ಜೈನ ಮನೆತನ. ತವರು ಚಿಕ್ಕೋಡಿ. ತವರಿಗೆ ಬಂದವಳು ತಾಯಿಯ ಡಬ್ಬಿ ಹಿಡಿದು ಗಿರಣಿಗೆ ಬಂದಿದ್ದಳು. ನಾವೆಲ್ಲ ಸುತ್ತ ಕೂತಿದ್ದೆವು, ಅಕ್ಕಾರು ಕೇಳುವುದನ್ನು ನೋಡಿ ಕಲಿಯುವುದು ನಮ್ಮ ಪಾಠ. ಕುಡಿತವಿಲ್ಲ, ಹೊಡೆತವಿಲ್ಲ, ಒಬ್ಬಳೇ ಮಗಳು ಹೈಸ್ಕೂಲಿನಲ್ಲಿದ್ದಾಳೆ ಅಂದಳು. ಮತ್ತೇನವ್ವ ಅಂದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಅವರು ದೀಕ್ಷಾ ತಗೋತೀನಿ ಅಂತಾರ್ರಿ."

ಅಕ್ಕಾರು ಮುಂದೆ ಬಾಗಿದ್ದವರು ನೆಟ್ಟಗಾದರು.

ಸುನಂದಾ ಹೇಳುತ್ತಾ ಹೋದಳು. ಗಂಡ ಒಂದು ವರ್ಷದಿಂದ ತೋಟದ ಗುಡಿಸಲಲ್ಲೇ ಮಲಗುತ್ತಾನೆ. ಮುನಿ ಮಹಾರಾಜರ ಬಳಿ ಹೋಗಿ ಕೇಳಿಕೊಂಡಿದ್ದಾನೆ. ಹೆಂಡತಿಯ ಒಪ್ಪಿಗೆಯಿಲ್ಲದೆ ಆಗದು ಎಂದು ಮಹಾರಾಜರು ಹೇಳಿ ಕಳಿಸಿದ್ದಾರೆ. ಹಾಗಾಗಿ ಸಮಾಜದ ಹಿರಿಯರು ಮುಂದಿನ ತಿಂಗಳು ಬಸದಿಯ ಮುಂದೆ ಕೂಡುತ್ತಾರೆ, ಎಲ್ಲರೆದುರು ಇವಳನ್ನು ಕೇಳುತ್ತಾರೆ. ಇವಳು ಹೂಂ ಅನ್ನಬೇಕು. "ಅತ್ತಿ ಮನೀಗೆ ಬಂದವರಿಗೆಲ್ಲ ಸಕ್ರಿ ಕೊಡಾಕತ್ತಾರ. ಮನಿತನಕ್ಕ ಪುಣ್ಯ ಅಂತ. ನಾ ಏನನ್ಲಿ ಅಕ್ಕಾರ? ಬ್ಯಾಡ ಅಂದ್ರ ಧರ್ಮಕ್ಕ ಅಡ್ಡ ಬಂದಾಕಿ ಆಗ್ತೀನಿ. ಹೂಂ ಅಂದ್ರ…"

ಅಕ್ಕಾರು ಎದ್ದು ನಿಂತರು. ಬಂದವರ ಮಾತಿನ ನಡುವೆ ಅವರು ಎದ್ದದ್ದನ್ನು ನಾವು ಎಂದೂ ಕಂಡವರಲ್ಲ. "ತಂಗಿ, ಇಲ್ಲಿ ನೀ ಕುಂದ್ರ" ಎಂದು ನನ್ನನ್ನು ತಮ್ಮ ಜಾಗಕ್ಕೆ ಕರೆದರು. ಸುನಂದಾಳ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಮಾತ ಈಕಿ ನನಕಿಂತ ಛಂದ ಕೇಳತಾಳವ್ವ" ಅಂದು ಹೊರಗೆ ಹೋದರು. ಶಹನಾಜ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವತ್ತು ನಾನು ಏನು ಕೇಳಿದೆನೋ ಏನು ಹೇಳಿದೆನೋ, ಮುಂದಿನ ವಾರ ಬಾ ಅಂದದ್ದು ಮಾತ್ರ ನೆನಪಿದೆ.

ಮರುದಿನ ಅಕ್ಕಾರು ತಾವಾಗಿಯೇ ಗಂಟು ಬಿಚ್ಚಿದರು. ಚಾಪೆಯ ಮೇಲೆ ಒಂದು ಅಡಿಕೆ ಇಟ್ಟರು. ಅದರಿಂದ ದೂರಕ್ಕೆ ಒಂದು ಹುಣಸೆ ಬೀಜ, ಅದಕ್ಕೆ ಒತ್ತಿ ಎರಡು ಲವಂಗ.

"ಈ ಅಡಕಿ ನಮ್ಮಪ್ಪ. ಇದು ಅವ್ವ. ಇವೆರಡು ನಾನು, ನನ್ನ ತಮ್ಮ. ನಾ ಒಂದನೇತ್ತೆ ಓದತಿದ್ದೆ, ತಮ್ಮ ಅವ್ವನ ಕಂಕಳಾಗಿದ್ದ. ಅಪ್ಪ ದೀಕ್ಷಾ ತಗೊಂಡ. ಬಸದಿ ಮುಂದ ಮಂದಿ ಕೂಡಿತ್ತು. ಹಿರ್ಯಾರು ಕೇಳಿದ್ರು, ಅವ್ವ ಹೂಂ ಅಂದ್ಲು. ಎಲ್ಲಾರೂ ಜಯಕಾರ ಹಾಕಿದ್ರು."

ಅಷ್ಟು ಹೇಳಿ ನೀರು ಕೇಳಿದರು. ಶಹನಾಜ್ ತಾನೇ ಅರಿವೆ ಕಟ್ಟಿ ಸೋಸಿ ತಂದುಕೊಟ್ಟಳು.

ಆಮೇಲೆ ಅವರು ಹೇಳಿದ್ದು ಮತ್ತೊಂದು ದಿನದ ಕತೆ. ಎರಡೋ ಮೂರೋ ವರ್ಷದ ತರುವಾಯ ಅಪ್ಪ, ಆಗ ಮುನಿಗಳು, ಊರೂರು ವಿಹಾರ ಮಾಡುತ್ತ ಅದೇ ಊರಿಗೆ ಬಂದರು. ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತು, ಬೊಗಸೆಯಲ್ಲಿ ಉಣ್ಣುತ್ತಾರೆ. ಯಾವ ಮನೆಯಲ್ಲಿ ಉಣ್ಣಬೇಕೆಂದು ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡು ಹೊರಡುತ್ತಾರೆ. ಅದು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಓಣಿಯ ಮನೆಮನೆಯ ಮುಂದೆ ಜನ ಕಲಶ ಹಿಡಿದು, ಬನ್ನಿ ನಿಲ್ಲಿ ಎಂದು ಕರೆಯುತ್ತಾ ನಿಂತಿರುತ್ತಾರೆ. ಅವ್ವ ನಸುಕಿನಲ್ಲೇ ಮಿಂದು, ಮಡಿಯಲ್ಲಿ ಅಡಿಗೆ ಮಾಡಿ, ಕಲಶ ಹಿಡಿದು ನಿಂತಳು. ಮಕ್ಕಳಿಬ್ಬರೂ ಅತ್ತಿತ್ತ ನಿಂತರು. ಅಪ್ಪ ಬಂದರು. ನೋಡಿದರೋ ಇಲ್ಲವೋ. ಮುಂದೆ ನಡೆದು ಪಕ್ಕದ ಮನೆಯ ಮುಂದೆ ನಿಂತರು.

"ನಿಮ್ಮವ್ವ ಅತ್ರೇನ್ರಿ?" ಅಂದೆ ನಾನು.

"ಇಲ್ಲ. ಸಂಜೀಮುಂದ ಬಾಜೂ ಮನಿ ಕಾಕುನ್ನ ಕರದು ಒಂದ ಮಾತ ಕೇಳಿದ್ಲು. 'ಹೊಟ್ಟಿ ತುಂಬ ಉಂಡರೇನ?' ಅಂತ."

ಅಕ್ಕಾರು ಅಡಿಕೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಊರೆಲ್ಲ ಪುಣ್ಯವಂತರ ಮಕ್ಕಳು ಎಂದು ಇವರ ತಲೆ ಸವರುತ್ತಿತ್ತಂತೆ. ತಂದೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅಪ್ಪ ದೊಡ್ಡ ತಪಸ್ವಿಗಳಾದರು, ಶಾಂತವಾಗಿ ಸಮಾಧಿಯಾದರು ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಇತ್ತು. ಅಕ್ಕಾರನ್ನು ಹಿಡಿದುಕೊಂಡದ್ದು ಅವ್ವನ ಆ ಒಂದು ಹೂಂ. ಅದು ಮನಸ್ಸಿನಿಂದ ಬಂದದ್ದೋ, ಮಂದಿಗಾಗಿ ಬಂದದ್ದೋ? ಇಷ್ಟು ವರ್ಷ ಅವರು ಅವ್ವನನ್ನು ಕೇಳಿರಲಿಲ್ಲ.

"ನಿನ್ನೆ ಆ ಹುಡುಗಿಗೆ 'ಬ್ಯಾಡ ಅನ್ನು' ಅಂತ ನನ್ನ ನಾಲಿಗಿ ತುದೀಗೆ ಬಂದಿತ್ತು. ಅದು ಆಕಿಗೆ ಹೇಳೂ ಮಾತಾಗಿರಲಿಲ್ಲ, ನಮ್ಮವ್ವಗ ಹೇಳೂದಾಗಿತ್ತು. ಅದಕ್ಕ ಎದ್ದೆ."

ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ಹುಷಾರ ಇರು. ಒಬ್ಬರು ಹೊತ್ತದ್ದನ್ನ ಇನ್ನೊಬ್ಬರು ಹೊರೂದು ಅಂದಕೂಡ್ಲೆ ನಿನ್ನ ಮಲ್ಲಯ್ಯ ಎದ್ದ ಕೂಡತಾನ. ನಿಮ್ಮವ್ವನ ಹಿಮ್ಮಡ ಕಂಡರ ಕಣ್ಣ ಮುಚ್ಚಬ್ಯಾಡ. 'ಅವ್ವಾ, ನೀ ಒಂದೀಟ ಹೊರಗ ಕುಂದ್ರು, ಈಕಿನ್ನ ಕಳಿಸಿ ಬರ್ತೀನಿ' ಅನ್ನು."

ಮುಂದಿನ ವಾರ ಸುನಂದಾ ಬಂದಾಗ ನಾನು ಹಾಗೇ ಮಾಡಿದೆ. ಹಿಮ್ಮಡ ಕಂಡಿತು. ಅವ್ವನಿಗೆ ಮನಸ್ಸಿನಲ್ಲೇ ಹೊರಗೆ ಚಾಪೆ ಹಾಸಿಕೊಟ್ಟೆ. ಆಮೇಲೆ ಸುನಂದಾಳ ದನಿ ಬೇರೆಯಾಗಿಯೇ ಕೇಳಿಸಿತು. ಹೂಂ ಅನ್ನಬೇಕೋ ಬ್ಯಾಡ ಅನ್ನಬೇಕೋ ಎಂದು ನಾನು ಕೇಳಲಿಲ್ಲ. ಗಂಡ ದೀಕ್ಷೆಗೆ ಹೋದ ಮರುದಿನ ಮುಂಜಾನೆ ಎದ್ದು ನೀನು ಏನು ಮಾಡುತ್ತೀ ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. "ಇದನ್ನ ಯಾರೂ ಕೇಳಿರಲಿಲ್ಲ ನೋಡ್ರಿ" ಅಂದಳು. "ಜಳಕ ಮಾಡಿ ಕನ್ನಡಿ ಮುಂದ ನಿಲ್ಲತೀನಿ. ಕುಂಕುಮ ಹಚ್ಚಕೋಬೇಕೋ ಬ್ಯಾಡೋ? ಅತ್ತೀನ್ನ ಕೇಳಿದ್ರ 'ಅದೆಲ್ಲಾ ಆಮ್ಯಾಲ ನೋಡೂಣು' ಅಂತಾರ. ನಮ್ಮವರದು ಎಲ್ಲಾ ಗೊತ್ತಾಗೇತಿ, ಯಾವ ಊರಾಗ ಮೆರವಣಿಗಿ, ಯಾವ ಮುಹೂರ್ತ. ನಂದ ಒಂದ ಗೊತ್ತಿಲ್ಲ."

"ಅವರನ್ನ ಕೇಳಿದ್ಯೇನ?"

"ಯಾರನ್ನ?"

"ನಿನ್ನ ಗಂಡನ್ನ."

ಅವಳು ಕೇಳಿರಲಿಲ್ಲ. ದೀಕ್ಷೆ ಬೇಕು ಅನ್ನುವುದನ್ನು ಅವನು ಮಹಾರಾಜರಿಗೆ ಹೇಳಿದ್ದ. ಮಹಾರಾಜರು ಹಿರಿಯರಿಗೆ ಹೇಳಿದ್ದರು. ಹಿರಿಯರು ಅತ್ತೆಗೆ, ಅತ್ತೆ ಇವಳಿಗೆ. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವರ ನಡುವೆ ಈ ಮಾತು ಊರೆಲ್ಲ ಸುತ್ತಿ ಬಂದಿತ್ತು. "ಬಸದಿ ಮುಂದ ಕೂಡೂಕಿಂತ ಮದಲ ಅವರ ಬಾಯಿಲೆ ಒಮ್ಮೆ ಕೇಳಬೇಕ್ರಿ ನಾನು" ಅಂದಳು ಕೊನೆಗೆ. ಆ ಮಾತು ಅವಳದೇ. ನಾನು ಹೇಳಿಕೊಟ್ಟದ್ದಲ್ಲ.

ಅವನು ಬಂದ. ಬರುತ್ತಾನೋ ಇಲ್ಲವೋ ಎಂದು ನಾವು ದಾರಿ ಕಾಯುತ್ತಿದ್ದೆವು. ಬಿಳಿ ಧೋತರ, ಬಿಸಿಲಿಗೆ ಕಪ್ಪಾದ ಮುಖ, ಕಾಲಲ್ಲಿ ಚಪ್ಪಲಿಯಿಲ್ಲ. ಬಾಗಿಲಲ್ಲಿ ನಿಂತು, "ಬರ್ಲೇನ್ರಿ?" ಅಂದ. ಅಕ್ಕಾರು, "ಬರ್ರಿ, ಕುಂದರ್ರಿ" ಅಂದು ತಮ್ಮ ತಂಬಿಗೆ ತೆಗೆದುಕೊಂಡು ಗಿರಣಿಯ ಕಡೆ ಹೊರಟರು. ಆ ಹೊತ್ತಿಡೀ ಅವರು ಅಲ್ಲಿ ಚೀಲಗಳ ಮೇಲೆ ಕೂತಿದ್ದರೆಂದು ಗಿರಣಿಯವನು ಆಮೇಲೆ ಹೇಳಿದ.

ಒಳಗೆ ನಾನಿದ್ದೆ, ಆದರೆ ಹೆಚ್ಚುಕಡಿಮೆ ಗೋಡೆಯ ಹಾಗೆ ಇದ್ದೆ. ಸುನಂದಾ ನೆಲ ನೋಡುತ್ತಲೇ ಕೇಳಿದಳು.

"ಗಂಡಸು ಮಗ ಆಗಲಿಲ್ಲಂತ ಹೊಂಟೀರೇನು?"

"ಛೇ."

"ಮಂದಿ ಹಂಗ ಅಂತಾರ. ನನ್ನ ಮ್ಯಾಲ ಬ್ಯಾಸರಾಗೇತಿ ಅಂತಾರ."

ಅವನು ಕಣ್ಣೆತ್ತಿದ. "ಅಣ್ಣನ ಚಿತಿ ಮುಂದ ನಿಂತಿದ್ನಲ್ಲ, ಅವತ್ತಿಂದ ನನಗ ಯಾವುದೂ ನಂದು ಅನಸವಲ್ದು. ತ್ವಾಟ ನೋಡಿದ್ರೂ ಅಷ್ಟ, ಮನಿ ನೋಡಿದ್ರೂ ಅಷ್ಟ. ಒಂದ ತಾಟಿನ್ಯಾಗ ಉಂಡ ಬೆಳದಾವ್ರು ನಾವು ಅಣ್ಣತಮ್ಮರು. ನಿನ್ನ ಮ್ಯಾಲ ಬ್ಯಾಸರಲ್ಲ. ನಿನಗ ಹೆಂಗ ಹೇಳಬೇಕು ತಿಳೀಲಿಲ್ಲ."

"ಮಹಾರಾಜರಿಗೆ ಹೇಳಾಕ ತಿಳೀತಲ್ಲ."

"ಅವರು ಅಳಂಗಿಲ್ಲಲ್ಲ."

ಸುನಂದಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಸಾಕಷ್ಟು ಅತ್ತಳು. ಅವನು ತಡೆಯಲಿಲ್ಲ, ಎದ್ದೂ ಹೋಗಲಿಲ್ಲ. ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಹೇಳಿದ್ದನ್ನು ನಾನು ಮರೆತಿಲ್ಲ.

"ಮನ್ಯಾಗ ಇದ್ದ ನೇಮ ಮಾಡ್ರಿ. ಗುಡಸಲದಾಗ ಮಲಗ್ರಿ, ಒಂದ ಹೊತ್ತು ಉಣ್ರಿ, ನಾ ಅಡ್ಡ ಬರಂಗಿಲ್ಲ. ನಮ್ಮ ಧರ್ಮದಾಗ ಸಂಸಾರದಾಗ ಇರೂ ಶ್ರಾವಕರಿಗೂ ಮೆಟ್ಟಲಾ ಅದಾವು, ಅವನ್ನ ಹತ್ರಿ. ಹುಡುಗಿ ತನ್ನ ಮನಿ ಸೇರಲಿ. ಆಮ್ಯಾಲ ಬಸದಿ ಮುಂದ ಮಂದಿ ಕೂಡಿಸಿ ಯಾರೂ ನನ್ನ ಕೇಳಬ್ಯಾಡ್ರಿ. ನನಗ ಆದ ದಿನ ನಾನ ಬಂದು ಹೇಳತೀನಿ."

ಇದು ಅವನು ಬಯಸಿ ಬಂದದ್ದಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. "ಹೇಳದ ಇದ್ರ?" ಅಂದ.

"ಹೇಳದ ಇದ್ರ ಗುಡಸಲಾ ಐತೆಲ್ಲ."

"ಆತು" ಅಂದ. ಆಮೇಲೆ ಇನ್ನೊಮ್ಮೆ, ತನಗೇ ಹೇಳಿಕೊಂಡಂತೆ, "ಆತು."

ಹೊರಗೆ ಬಂದಾಗ ಸುನಂದಾ ಡಬ್ಬಿ ಮರೆತಿದ್ದಳು. ಅವನೇ ಹೋಗಿ ಹೆಗಲಿಗೇರಿಸಿಕೊಂಡ. ಅಕ್ಕಾರು ಚೀಲದ ಮೇಲಿಂದ ಎದ್ದರು. ತಲೆ, ಹುಬ್ಬು, ಸೀರೆ ಎಲ್ಲ ಹಿಟ್ಟು. ಸುನಂದಾ ಅವರ ಕಾಲು ಮುಟ್ಟಿ ಹೋದಳು. ಏನಾಯಿತೆಂದು ಅಕ್ಕಾರು ಕೇಳಲಿಲ್ಲ. ನಾನೇ ಹೇಳಿದೆ, ಅವಳ ಮಾತುಗಳನ್ನು ಇದ್ದ ಹಾಗೇ. ಅಕ್ಕಾರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಕನ್ನಡಕದಾಗ ಏನಿಲ್ರಿ, ಮಾರಿಗೆ ಐತಿ ಹಿಟ್ಟು" ಅಂದಳು ಶಹನಾಜ್. ಆದರೆ ಅವಳ ದನಿಯಲ್ಲೂ ಚೂಪು ಇರಲಿಲ್ಲ.

ಕೆಲವು ವರ್ಷಗಳ ಮೇಲೆ, ಮಗಳ ಮದುವೆಯಾಗಿ, ಮಗಳಿಗೊಂದು ಕೂಸಾದ ಮೇಲೆ, ಸುನಂದಾ ತಾನಾಗಿ ತೋಟಕ್ಕೆ ನಡೆದುಹೋಗಿ ಗಂಡನಿಗೆ ಆ ಮಾತು ಹೇಳಿದಳು. ಅವನ ದೀಕ್ಷೆಯಾದ ತರುವಾಯ ಅವಳನ್ನು ಅಥಣಿಯ ಬಸ್ ನಿಲ್ದಾಣದಲ್ಲಿ ಕಂಡೆ. ಹಣೆಯಲ್ಲಿ ಕುಂಕುಮವಿತ್ತು. "ಇದನ್ನೂ ನಾನ ಗೊತ್ತ ಮಾಡೀನ್ರಿ" ಅಂದು ನಕ್ಕಳು.

ಆದರೆ ನಾನು ಬರೆಯಲು ಹೊರಟದ್ದು ಅಕ್ಕಾರ ಬಗ್ಗೆ. ಸುನಂದಾ ಗಂಡನೊಡನೆ ಡಬ್ಬಿ ಹೊರಿಸಿಕೊಂಡು ಹೋದಳಲ್ಲ, ಆ ವಾರದ ಕೊನೆಯಲ್ಲಿ ಅಕ್ಕಾರು ನನ್ನೊಡನೆ ರಾಯಬಾಗದ ಬಸ್ಸು ಹತ್ತಿದರು. "ಪಾಲಬಾವಿಗೆ ಹೋಗೂದೈತಿ, ಬರ್ತೀಯೇನ?" ಅಂದರು. ಅವರ ತಮ್ಮ ಅಲ್ಲಿ ಹೊಲ ಮಾಡಿಕೊಂಡಿದ್ದ. ಅವ್ವ ಅವನ ಮನೆಯಲ್ಲಿದ್ದಳು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು, ನಮ್ಮ ಬಸ್ಸು ಅವುಗಳ ಹಿಂದೆ ಆಮೆಯಂತೆ. ಬೇರೆಯವರ ಮಾತನ್ನು ಅಷ್ಟು ಸಲೀಸಾಗಿ ಹೊರತೆಗೆಯುತ್ತಿದ್ದ ಹೆಂಗಸು ಕೈಚೀಲವನ್ನು ಎದೆಗವಚಿ, ಪರೀಕ್ಷೆಗೆ ಹೊರಟ ಹುಡುಗಿಯಂತೆ ಕೂತಿದ್ದರು.

ಅವ್ವ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಒಂದು ಹುಳ ಸಿಕ್ಕರೆ ಬೆರಳ ತುದಿಯಲ್ಲಿ ಎತ್ತಿ, ಪಕ್ಕದಲ್ಲಿಟ್ಟುಕೊಂಡ ಹಿಡಿ ಅಕ್ಕಿಯಲ್ಲಿ ಬಿಡುತ್ತಿದ್ದಳು. ಅದರ ಪಾಲು ಅದಕ್ಕೆ. ಮಗಳನ್ನು ಕಂಡು, "ಬಿಸಲಾಗ ಬಂದ್ಯಲ್ಲ ಬೇ. ಈಕಿ ಯಾರು?" ಅಂದಳು.

"ನನ್ನ ಕೂಡ ಕೆಲಸಾ ಮಾಡತಾಳ."

"ಕುಂದರವಾ ತಂಗಿ. ನೀರ ಕೊಡ್ತೀನಿ ತಡೀರಿ."

"ನೀರ ಆಮ್ಯಾಲ" ಅಂದರು ಅಕ್ಕಾರು. ನಿಂತೇ ಇದ್ದರು. "ಅವ್ವಾ, ಅವತ್ತ ಬಸದಿ ಮುಂದ ನಿನ್ನ ಕೇಳಿದ್ರಲ್ಲ. ನೀ ಹೂಂ ಅಂದಿ. ಅದು ಖರೇನ?"

ಅವ್ವನ ಕೈ ನಿಲ್ಲಲಿಲ್ಲ. ಅಕ್ಕಿಯನ್ನು ಒಮ್ಮೆ ಕೇರಿದಳು. "ಇದನ್ನ ಕೇಳಾಕ ಇಷ್ಟ ದೂರ ಬಂದ್ಯಾ? ಮದಲ ಯಾಕ ಕೇಳಲಿಲ್ಲ?"

"ಹೆದರಿಕಿ ಆಗತಿತ್ತು."

"ಯಾತರದು ಹೆದರಿಕಿ! ಅವತ್ತ ಖರೇ ಇರಲಿಲ್ಲ ತಗೋ. ಬಿಸಲು ಏರಿತ್ತು. ನಿನ್ನ ತಮ್ಮ ಕಂಕಳಾಗ ಹಸದು ಒದರಾಕತ್ತಿದ್ದ, ನೀ ಸೀರಿ ಜಗ್ಗಾಕತ್ತಿದ್ದಿ. ಲಗೂನ ಮನೀಗೆ ಹೋಗೂಣು ಅಂತ ಹೂಂ ಅಂದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕಾರು ಕಂಬ ಹಿಡಿದು ಕೆಳಗೆ ಕೂತರು.

ಅವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಅಂದ ಮ್ಯಾಲ ಅಂದಂಗ. ಮನೀಗೆ ಬಂದು ನಿಮಗ ಉಣಸಿದೆ, ಮಲಗಿಸಿದೆ. ಆಮ್ಯಾಲ ಕುಂತು ಅದನ್ನ ಖರೇ ಮಾಡಾಕ ಹತ್ತಿದೆ. ಒಮ್ಮೆಲೆ ಎಲ್ಲೆ ಆಗತೈತಿ? ದಿನಾ ಒಂದೀಟು. ಕೆಲವು ದಿನಾ ಅದೂ ಆಗತಿರಲಿಲ್ಲ, ಇದ್ದದ್ದೂ ಸುಳ್ಳಾಗಿ ಹೋಗತಿತ್ತು. ಮತ್ತ ಮರದಿನಾ ಹತ್ತೂದು."

"ಈಗ ಆತೇನವ್ವಾ?"

ಮುದುಕಿ ಮೊರದಲ್ಲಿ ಕಣ್ಣಿಟ್ಟು, ಯೋಚಿಸಿ ಹೇಳಿದಳು.

"ಭಾಳಷ್ಟ ಆಗೇತಿ. ಇನ್ನೊಂದೀಟ ಉಳದೈತಿ."

ಅಕ್ಕಾರು ಸರಿದು ಅವ್ವನ ಎದುರಿಗೆ ಕೂತರು. ಮೊರವನ್ನು ಅರ್ಧ ತಮ್ಮ ಕಡೆ ಎಳೆದುಕೊಂಡು, ತಲೆ ಬಗ್ಗಿಸಿ, ಅಕ್ಕಿ ಆರಿಸತೊಡಗಿದರು.